ತಾರೀಖಿಲ್ಲದ ವಾಕ್ಯ

ಮೆಲ್ಬರ್ನಿನ ಅಂಚಿನ ಕ್ರಾನ್‌ಬರ್ನಿನ ಆ ಮನೆಗೆ ಬರುವ ಯಾವ ಕಾಗದವನ್ನೂ ಭಾಗೀರಥಮ್ಮ ಮೊದಲ ಪುಟದಿಂದ ಓದಿದವರಲ್ಲ. ಕಸದ ಡಬ್ಬಿ ಇಡುವ ದಿನ ಬದಲಾಗಿದೆ ಎಂಬ ಕೌನ್ಸಿಲ್ ನೋಟೀಸಿರಲಿ, ಬ್ಯಾಂಕಿನವರ ಮಾರ್ಟ್‌ಗೇಜ್ ಕಾಗದವಿರಲಿ, ಕೊನೆಯ ಪುಟದಿಂದ ಶುರುಮಾಡಿ ಹಿಂದಕ್ಕೆ ಬರುವುದು ಅವರ ಪದ್ಧತಿ. ಕೈಯಲ್ಲಿ ಒಂದು ಪೆನ್ಸಿಲ್, ಇನ್ನೊಂದರಲ್ಲಿ ಮರದ ಸ್ಕೇಲು. ಸಾಲಿನ ಕೆಳಗೆ ಸ್ಕೇಲಿಟ್ಟು ಒಂದೊಂದೇ ಸಾಲು ಇಳಿಸುತ್ತಾ, ಹಪ್ಪಳ ಬಿಸಿಲಿಗಿಟ್ಟು ಕಾಯುವವರ ತಾಳ್ಮೆಯಲ್ಲಿ ಓದುತ್ತಾರೆ.

"ಅತ್ತೆ, ಪಿಜ್ಜಾ ಅಂಗಡಿ ಪಾಂಪ್ಲೆಟ್ಟನ್ನೂ ಹಿಂದಿನಿಂದ ಓದ್ತೀರಲ್ಲ" ಎಂದು ಅಳಿಯ ತ್ರಿವಿಕ್ರಮ ಒಮ್ಮೆ ಛೇಡಿಸಿದ್ದ.

"ಷರತ್ತುಗಳು ಅನ್ವಯಿಸುತ್ತವೆ ಅಂತ ಎಲ್ಲಿ ಬರ್ದಿರ್ತಾರೆ ಹೇಳಿ? ಕೊನೇಲಿ ತಾನೆ?" ಎಂದಿದ್ದರು.

ಮೈಸೂರಿನಲ್ಲಿ ಹುಟ್ಟಿ ಬೆಳೆದ ಈಕೆ ಬಯಲುಸೀಮೆಯ ಒಂದು ಜಿಲ್ಲೆಯ ಶಿಕ್ಷಣ ಇಲಾಖೆಯ ಕಚೇರಿಯಲ್ಲಿ ಮೂವತ್ತೆರಡು ವರ್ಷ ಸೇವೆ ಸಲ್ಲಿಸಿದವರು. ಯಾವ ಜಿಲ್ಲೆ ಎಂದು ಕೇಳಬೇಡಿ. ಕೇಳಿದರೆ ಅವರೂ ಹೇಳುವುದಿಲ್ಲ. ಅವರಿದ್ದದ್ದು ಕಾನೂನು ವಿಭಾಗ. ಹೆಸರು ದೊಡ್ಡದು, ಇದ್ದದ್ದು ಎರಡು ಬೀರು, ಒಂದು ಟೈಪ್‌ರೈಟರು, ಕಿಟಕಿಯ ಪಕ್ಕ ಭಾಗೀರಥಮ್ಮ. ಕೋರ್ಟು ಇಲಾಖೆಗೆ 'ಹೀಗೆ ಮಾಡಿ' ಎಂದು ಆದೇಶ ಕೊಟ್ಟಾಗ 'ಮಾಡಿದ್ದೇವೆ' ಎಂದು ಉತ್ತರ ಬರೆಯುವುದು ಅವರ ಕೆಲಸ. ಅದಕ್ಕೆ ಅನುಪಾಲನಾ ವರದಿ ಎಂದು ಹೆಸರು. ಮಾಡಿದ್ದರೆ ಅದನ್ನು ಯಾರು ಬೇಕಾದರೂ ಬರೆಯಬಹುದು. ಮಾಡದೆ ಬರೆಯಬೇಕಾದಾಗ ಮಾತ್ರ ಸಾಹೇಬರು ಗಂಟೆ ಒತ್ತಿ ಭಾಗೀರಥಮ್ಮನವರನ್ನು ಕರೆಯುತ್ತಿದ್ದರು.

ಅವರಿಗೆ ಕೆಲಸ ಕಲಿಸಿದ ಹಳೆಯ ಸೂಪರಿಂಟೆಂಡೆಂಟರು ಒಂದು ಮಾತು ಹೇಳಿಕೊಟ್ಟಿದ್ದರು. "ನೋಡಮ್ಮ, ತಾರೀಖಿರೋ ವಾಕ್ಯ ಮಾತ್ರ ಮಾತು. ತಾರೀಖಿಲ್ಲದ ವಾಕ್ಯ ಅಂದ್ರೆ 'ಆಗಲ್ಲ' ಅಂತ ಮರ್ಯಾದೆಯಾಗಿ ಹೇಳಿದ್ದು, ಅಷ್ಟೆ." ಭಾಗೀರಥಮ್ಮ ಅದನ್ನು ಗುರುವಾಕ್ಯದ ಹಾಗೆ ಪಾಲಿಸಿದರು, ತಾವು ಬರೆಯುವಾಗಲೂ, ಬೇರೆಯವರು ಬರೆದದ್ದನ್ನು ಓದುವಾಗಲೂ.

ನಿವೃತ್ತಿಯಾಗಿ ಮೂರು ವರ್ಷಕ್ಕೆ ಮಗಳು ಪಲ್ಲವಿ ಮೆಲ್ಬರ್ನಿಗೆ ಕರೆಸಿಕೊಂಡಳು. ಕರೆಸಿಕೊಂಡದ್ದು ಸುಮ್ಮನೆ ಅಲ್ಲ, ಮೊಮ್ಮಗಳು ಆದ್ಯಾಗಾಗಿ. ಹುಟ್ಟುವಾಗ ಮಿದುಳಿಗೆ ಉಸಿರು ಸಾಲದೆ ಹೋಗಿದ್ದರಿಂದ ಅವಳ ಕೈಕಾಲು ಅವಳ ಮಾತು ಕೇಳುವುದಿಲ್ಲ. ಬೆರಳಿನಿಂದ ಗುಂಡಿ ಒತ್ತಿದರೆ ಓಡುವ ಗಾಲಿಕುರ್ಚಿ ಇದೆ. ಮಾತು ಬರುತ್ತದೆ, ಆದರೆ ಒಂದೊಂದು ಪದವೂ ಬಾವಿಯಿಂದ ಕೊಡ ಎಳೆದ ಹಾಗೆ ಮೇಲೆ ಬರಬೇಕು. ಕಾದವರಿಗೆ ಎಲ್ಲವೂ ಅರ್ಥವಾಗುತ್ತದೆ. ಬುದ್ಧಿಗೇನೂ ಕೊರತೆಯಿಲ್ಲ, ತುಸು ಹೆಚ್ಚೇ ಇದೆ ಎಂದು ಪಲ್ಲವಿ ಬೈಯುವುದುಂಟು. ಅಜ್ಜಿ ಕನ್ನಡದಲ್ಲಿ ಕೇಳಿದರೆ ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ, ಇಲ್ಲಿನ ಎಲ್ಲ ಕನ್ನಡದ ಮಕ್ಕಳ ಹಾಗೆ. ಅದರಲ್ಲಿ ಅವಳಿಗೆ ಬೇರೆ ನಿಯಮವಿಲ್ಲ.

ಅವಳು ಹೋಗುತ್ತಿದ್ದದ್ದು ಇಂಥ ಮಕ್ಕಳಿಗೆಂದೇ ಇರುವ ಪ್ರತ್ಯೇಕ ಶಾಲೆಗೆ. ಬೆಳಿಗ್ಗೆ ವ್ಯಾನು ಬರುತ್ತದೆ, ಮುಕ್ಕಾಲು ಗಂಟೆಯ ದಾರಿ. ಶಾಲೆ ಕೆಟ್ಟದ್ದೇನಲ್ಲ, ಟೀಚರುಗಳು ಒಳ್ಳೆಯವರೇ. ಆದರೆ ಇವರ ಬೀದಿಯ ತುದಿಯಲ್ಲೇ ಇನ್ನೊಂದು ಸರ್ಕಾರಿ ಶಾಲೆಯಿದೆ. ಪಕ್ಕದ ಮನೆಯ ಮಕ್ಕಳೆಲ್ಲ ಅಲ್ಲಿಗೆ ನಡೆದು ಹೋಗುತ್ತಾರೆ. ವ್ಯಾನಿನ ಕಿಟಕಿಯಿಂದ ಆದ್ಯಾ ದಿನಾ ನೋಡುತ್ತಿದ್ದದ್ದು ಆ ಮಕ್ಕಳ ಬೆನ್ನಿನ ಬ್ಯಾಗುಗಳನ್ನು. ಎಂಟನೆಯ ವಯಸ್ಸಿನಲ್ಲಿ ಒಂದು ದಿನ ವ್ಯಾನು ಹತ್ತುವುದಿಲ್ಲ ಎಂದಳು. ನಾನು ಆ ಶಾಲೆಗೆ ಹೋಗಬೇಕು ಎಂದಳು. ಆ ಶಾಲೆಯವರು ಆಗುವುದಿಲ್ಲ ಎಂದರು, ಇಲಾಖೆಯವರೂ ಆಗುವುದಿಲ್ಲ ಎಂದರು. ಪಲ್ಲವಿ ಕೋರ್ಟಿಗೆ ಹೋದಳು.

ಎರಡು ವರ್ಷ ಕೇಸು ನಡೆಯಿತು. ಆಗಸ್ಟಿನಲ್ಲಿ ತೀರ್ಪು ಬಂತು. ಈ ಮಗುವನ್ನು ಬೇರೆ ಇಡಲು ಕಾರಣವಿಲ್ಲ. ಅವಳು ತನ್ನ ವಯಸ್ಸಿನ ಮಕ್ಕಳ ಜೊತೆ, ಅವರ ತರಗತಿಯಲ್ಲೇ ಕಲಿಯಬೇಕು. ಅದನ್ನು ಹೇಗೆ ಮಾಡುತ್ತೀರಿ ಎಂದು ರಾಜ್ಯ ಸರ್ಕಾರ ಇಪ್ಪತ್ತೆಂಟು ದಿನದೊಳಗೆ ಬರೆದು ತಿಳಿಸಬೇಕು. ಕೋರ್ಟಿನ ಆದೇಶಗಳನ್ನು ಭಾಗೀರಥಮ್ಮ ಸಾವಿರಾರು ನೋಡಿದ್ದರು, ಆದರೆ ಯಾವಾಗಲೂ ಸರ್ಕಾರದ ಕಡೆಯ ಕುರ್ಚಿಯಲ್ಲಿ ಕೂತು. ಆದೇಶವೆಂದರೆ ಒಂದು ತಲೆನೋವು, ಒಂದು ಫೈಲು. ಅದು ಯಾರದೋ ಮನೆಯಲ್ಲಿ ಹೀಗೆ ಮೇಜಿನ ಮೇಲೆ ದೇವರ ಪ್ರಸಾದದ ಹಾಗೆ ಇರುತ್ತದೆ, ಮನೆಮಂದಿಯೆಲ್ಲ ಬಂದು ಬಂದು ಮುಟ್ಟಿ ನೋಡುತ್ತಾರೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ಎಂಟು ವರ್ಷದ ಹುಡುಗಿಯೊಬ್ಬಳು 'ವ್ಯಾನು ಹತ್ತಲ್ಲ' ಎಂದದ್ದಕ್ಕೆ ಒಂದು ಸರ್ಕಾರ ಉತ್ತರ ಕೊಡಬೇಕಾಗಿದೆ ಎಂಬುದನ್ನು ಅವರಿಗೆ ನಂಬಲಿಕ್ಕೇ ಎರಡು ದಿನ ಬೇಕಾಯಿತು.

ಉತ್ತರ ಇಪ್ಪತ್ತಾರನೆಯ ದಿನ ಬಂತು.

ಆಗ ಶಾಲೆಗೆ ರಜೆ. ಎಲ್ಲರೂ ಸಿಡ್ನಿಯಲ್ಲಿದ್ದರು. ತ್ರಿವಿಕ್ರಮನ ಆಫೀಸು ಅಲ್ಲಿನ ಚಾಟ್ಸ್‌ವುಡ್‌ನಲ್ಲಿ. ಸೋಮವಾರ ಮೆಲ್ಬರ್ನಿನಿಂದ ವಿಮಾನ ಹತ್ತಿ ಗುರುವಾರ ವಾಪಸಾಗುವ ಆಸಾಮಿ ಅವನು, ಅಲ್ಲೇ ಒಂದು ಪುಟ್ಟ ಫ್ಲ್ಯಾಟು ರೆಂಟ್‌ಗೆ ಹಿಡಿದಿದ್ದ. ಇವರ ಕೇಸು ನಡೆಸಿದ ವಕೀಲೆ ಶರ್ಮಿಳಾ ಎರಡು ಬೀದಿ ಆಚೆಯೇ ಇರುತ್ತಾಳೆ, ಬೆಂಗಳೂರಿನವಳು. ಇಮೇಲ್ ಬಂದ ಕೂಡಲೇ ಓಡಿ ಬಂದಳು. ಪಲ್ಲವಿ ಪಾಯಸಕ್ಕೆ ಶ್ಯಾವಿಗೆ ಹುರಿಯುತ್ತಿದ್ದವಳು ಒಲೆ ಆರಿಸಿ ಬಂದು ಕೂತಳು. ಶರ್ಮಿಳಾ ಫೋನಿನಲ್ಲಿ ನೋಡಿ ಓದುತ್ತಾ ಹೋದಳು. ನ್ಯಾಯಾಲಯದ ಆದೇಶವನ್ನು ಸರ್ಕಾರ ಗೌರವದಿಂದ ಒಪ್ಪಿದೆ. ಮೇಲ್ಮನವಿ ಇಲ್ಲ. ರ‍್ಯಾಂಪ್ ಕಟ್ಟುತ್ತಾರೆ. ಹೊಸ ಟಾಯ್ಲೆಟ್. ಸಹಾಯಕ್ಕೆ ಒಬ್ಬ ಆಯಾ. ಇದಲ್ಲದೆ ಆದ್ಯಾಗಾಗಿಯೇ ಕೈತೋಟವಿರುವ ಒಂದು ಹೊಸ ಕೊಠಡಿ. ಪಲ್ಲವಿ ಅತ್ತುಬಿಟ್ಟಳು. ತ್ರಿವಿಕ್ರಮ ಮಗಳ ಕುರ್ಚಿಯನ್ನು ಎರಡು ಸುತ್ತು ತಿರುಗಿಸಿದ.

"ನಮಗೆ ಸಮಾಧಾನ ಆಗಿದೆ ಅಂತ ಹದಿನಾಲ್ಕು ದಿನದಲ್ಲಿ ಸೈನ್ ಮಾಡಿದ್ರೆ ಆಯ್ತು. ಕೋರ್ಟ್ ಕೇಸ್ ಕ್ಲೋಸ್ ಮಾಡತ್ತೆ" ಎಂದಳು ಶರ್ಮಿಳಾ.

"ನಂಗೊಂದು ಪ್ರಿಂಟು ಬೇಕಲ್ಲ" ಎಂದರು ಭಾಗೀರಥಮ್ಮ.

ತ್ರಿವಿಕ್ರಮ ಆಫೀಸಿಗೆ ಹೋಗಿ ತೆಗೆದು ತಂದ. ಹದಿನಾಲ್ಕು ಪುಟ. ಭಾಗೀರಥಮ್ಮ ಕನ್ನಡಕ ಒರೆಸಿ, ಸ್ಕೇಲು ಪೆನ್ಸಿಲ್ ತೆಗೆದು, ಅನುಬಂಧದಿಂದ ಶುರುಮಾಡಿದರು. ಸರ್ಕಾರ ಪತ್ರದಲ್ಲಿ ನಗುತ್ತದೆ, ಅನುಬಂಧದಲ್ಲಿ ಕಚ್ಚುತ್ತದೆ ಎಂದು ಅವರಿಗೆ ಗೊತ್ತು. ಅವರಿಗೆ ಇಂಗ್ಲಿಷು ಓದಲು ತೊಂದರೆಯಿಲ್ಲ. ಓದುವಾಗ ಲಾಯರು, ಮಾತಾಡುವಾಗ ಮಗು. ಒಳಗೆ ಪಾಯಸವಾಯಿತು, ಬಟ್ಟಲಿಗೆ ಬಂತು, ಎದುರಿಗೆ ಆರಿತು. ಅವರು ಎದ್ದದ್ದು ಒಂದೂವರೆ ಗಂಟೆಯ ಮೇಲೆ. ಮುಖದಲ್ಲಿ ಬೆರಗಿತ್ತು.

"ಎಂಥಾ ಕೈ!" ಎಂದರು. "ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬರ್ದಿದಾರೆ. ಮೂವತ್ತೆರಡು ವರ್ಷದಲ್ಲಿ ಇಷ್ಟು ಚೆನ್ನಾಗಿ ನಾನೂ ಬರ್ದಿರ್ಲಿಲ್ಲ."

"ಏನಮ್ಮಾ ಅದು?" ಎಂದಳು ಪಲ್ಲವಿ.

"ರ‍್ಯಾಂಪಿಗೆ ತಾರೀಖಿದೆ. ಟಾಯ್ಲೆಟ್ಟಿಗೆ ತಾರೀಖಿದೆ. ಆ ಹೊಸ ರೂಮಿಗೆ ತಾರೀಖಿದೆ. ಮಗು ಕ್ಲಾಸಿನೊಳಗೆ ಹೋಗೋದಕ್ಕೆ ಎಲ್ಲಿದೆ, ತೋರ್ಸು."

ಶರ್ಮಿಳಾ ಫೋನು ಮೇಲೆ ಕೆಳಗೆ ಸರಿಸಿದಳು. "ಇಲ್ಲಿದೆಯಲ್ಲ ಆಂಟಿ. ಪ್ರೋಗ್ರೆಸಿವ್ಲಿ, ಅಂದ್ರೆ ಹಂತಹಂತವಾಗಿ ಸೇರಿಸ್ಕೋತಾರೆ."

"ಅದು ತಾರೀಖಲ್ಲಮ್ಮ. ಮೂರನೇ ಅನುಬಂಧ ನೋಡು. ಇವಳ ಮಾತಿನ ವೇಗ ಕ್ಲಾಸಿನ ವೇಗಕ್ಕೆ ಹೊಂದೋವರೆಗೂ ಆ ರೂಮಲ್ಲೇ ಕೂತು ಪಾಠ ಕೇಳ್ಬೇಕು. ರೂಮು ಅದೇ ಆವರಣದಲ್ಲಿದೆ, ಆದ್ರಿಂದ ಅದೇ ಶಾಲೆ. ಕೋರ್ಟಿಗೂ ಬೇಜಾರಿಲ್ಲ, ಅವರಿಗೂ ಬೇಜಾರಿಲ್ಲ. ನಿಮ್ಮ ಮೂಗಿಗೆ ತುಪ್ಪ ಸವರಿದಾರೆ ಕಣೇ."

ಪಲ್ಲವಿಗೆ ಸಿಟ್ಟು ಬಂತು. ಬಾರದೆ ಏನು? ಎರಡು ವರ್ಷದಿಂದ ಅವಳು ಸರಿಯಾಗಿ ನಿದ್ದೆ ಮಾಡಿರಲಿಲ್ಲ. "ಅಮ್ಮ, ಇದು ಇಂಡಿಯಾ ಅಲ್ಲ. ಇಲ್ಲಿಯವರು ಹಾಗೆಲ್ಲ ಮಾಡಲ್ಲ. ಪ್ಲೀಸ್, ನಂಗೆ ಸಾಕಾಗಿದೆ. ನಿಂಗೆ ಹೇಗೆ ಗೊತ್ತು ಅವರ ಮನಸ್ಸಲ್ಲೇನಿದೆ ಅಂತ?"

"ಯಾಕಂದ್ರೆ ಈ ಕಾಗದ ನಾನೂ ಬರ್ದಿದೀನಿ" ಎಂದರು ಭಾಗೀರಥಮ್ಮ. ಆರಿದ ಪಾಯಸದ ಬಟ್ಟಲನ್ನು ಕೈಗೆತ್ತಿಕೊಂಡರು. ಶರ್ಮಿಳಾ ಮಾತ್ರ ಅವರ ಪೆನ್ಸಿಲಿನ ಗುರುತುಗಳನ್ನು ಒಂದೊಂದಾಗಿ ನೋಡಿ, ಕೋರ್ಟಿನಿಂದ ಗಡುವು ಮುಂದಕ್ಕೆ ಹಾಕಿಸಿ, ಸಹಿ ಹಾಕುವ ಮೊದಲು ಒಂದು ಮೀಟಿಂಗ್ ಕೇಳೋಣ ಎಂದಳು. ಆದ್ಯಾ ಕುರ್ಚಿಯಲ್ಲಿ ಕೂತು ಅಜ್ಜಿಯನ್ನೇ ನೋಡುತ್ತಿದ್ದಳು.

ಆ ಸಂಜೆ ಭಾಗೀರಥಮ್ಮ ಫ್ಲ್ಯಾಟಿನ ಕಿಟಕಿಯ ಬಳಿ ನಿಂತರು. ಕೆಳಗೆ ಚಾಟ್ಸ್‌ವುಡ್ ಸ್ಟೇಷನ್ನಿನಿಂದ ಆಫೀಸಿನ ಜನ ಇರುವೆ ಸಾಲಿನಂತೆ ಹೊರಬೀಳುತ್ತಿದ್ದರು. ಅವರ ಕಣ್ಣಿಗೆ ಕಂಡದ್ದು ಬೇರೆ. ಇಸವಿ ತೊಂಬತ್ನಾಲ್ಕು. ಕುಷ್ಠರೋಗ ವಾಸಿಯಾದವರದೊಂದು ಕಾಲೊನಿ, ಅಲ್ಲಿನ ಹನ್ನೊಂದು ಮಕ್ಕಳು. ಮಕ್ಕಳಿಗೆ ರೋಗವಿರಲಿಲ್ಲ. ಆದರೂ ಊರ ಶಾಲೆಯಲ್ಲಿ ಅವರನ್ನು ಸೇರಿಸಿಕೊಳ್ಳಲಿಲ್ಲ, ಸೇರಿಸಿದರೆ ನಮ್ಮ ಮಕ್ಕಳನ್ನು ಬಿಡಿಸುತ್ತೇವೆ ಎಂದು ಊರವರು ಎದ್ದು ನಿಂತರು. ಹೈಕೋರ್ಟು ಸೇರಿಸಿ ಎಂದಿತು. ಸಾಹೇಬರು ಗಂಟೆ ಒತ್ತಿದರು. "ಭಾಗೀರಥಮ್ಮ, ಹಾವೂ ಸಾಯಬಾರ್ದು, ಕೋಲೂ ಮುರೀಬಾರ್ದು. ಹಂಗೊಂದು ಬರೀರಿ." ಬರೆದರು. ಸದರಿ ಹನ್ನೊಂದು ಮಕ್ಕಳನ್ನು ಅದೇ ಶಾಲೆಯ ಆವರಣದಲ್ಲಿ ಸಕಲ ಸೌಕರ್ಯಗಳುಳ್ಳ ಕೊಠಡಿಯಲ್ಲಿ ಕೂರಿಸಲಾಗಿದ್ದು, ಹಂತಹಂತವಾಗಿ ಸಾಮಾನ್ಯ ತರಗತಿಗೆ ಸೇರಿಸಿಕೊಳ್ಳಲು ಕ್ರಮ ವಹಿಸಲಾಗುತ್ತಿದೆ. ಕೋರ್ಟು ಒಪ್ಪಿತು. ಸಾಹೇಬರು ಇಡೀ ಕಚೇರಿಗೆ ಖಾರಾಬೂಂದಿ, ಕಾಫಿ ತರಿಸಿದರು. ಭಾಗೀರಥಮ್ಮನೂ ತಿಂದರು. ಅಂದು ಅದರ ರುಚಿ ಚೆನ್ನಾಗಿಯೇ ಇತ್ತು.

ಮೀಟಿಂಗು ನಿಗದಿಯಾದದ್ದು ನವೆಂಬರಿನಲ್ಲಿ, ಬೀದಿಯ ತುದಿಯ ಆ ಶಾಲೆಯ ಲೈಬ್ರರಿಯಲ್ಲಿ. ಮಕ್ಕಳ ಕುರ್ಚಿಗಳು, ದೊಡ್ಡವರೆಲ್ಲ ಮಂಡಿ ಎದೆಗೆ ತಾಗುವಂತೆ ಕೂತರು. ಹಾಗೆ ನೋಡಿದರೆ ನೆಟ್ಟಗೆ ಕೂತವಳು ಆದ್ಯಾ ಒಬ್ಬಳೇ. ಇಲಾಖೆಯಿಂದ ಇಬ್ಬರು ಬಂದಿದ್ದರು. ಡೊನಾಲ್ಡ್ ಎಂಬ ಎತ್ತರದ ಅಧಿಕಾರಿ, ಮಾತೆಲ್ಲ ಅವನದೇ. ಅವನ ಪಕ್ಕ ಬಿಳಿ ಕೂದಲಿನ ಹೆಂಗಸು, ಹೆಸರು ರುತ್, ನಮಸ್ಕಾರ ಹೇಳಿ ಸುಮ್ಮನಾದಳು. ಚೀಲದಿಂದ ಪತ್ರ ತೆಗೆದು ಮೇಜಿನ ಮೇಲಿಟ್ಟಳು. ಅದರ ಪಕ್ಕ ಒಂದು ಪೆನ್ಸಿಲ್. ಪೆನ್ಸಿಲ್ ಪಕ್ಕ ಒಂದು ಸ್ಕೇಲು.

ಭಾಗೀರಥಮ್ಮನ ಕಣ್ಣು ಆ ಸ್ಕೇಲಿನ ಮೇಲೆಯೇ ನಿಂತಿತು. ಬರೆದದ್ದು ಇವಳೇ. ಹತ್ತು ಸಾವಿರ ಕಿಲೋಮೀಟರ್ ದಾಟಿ ಬಂದು ಮಕ್ಕಳ ಲೈಬ್ರರಿಯಲ್ಲಿ ತಮ್ಮನ್ನೇ ಎದುರು ಕಂಡ ಹಾಗಾಯಿತು.

ಡೊನಾಲ್ಡ್ ಚೆನ್ನಾಗಿ ಮಾತಾಡಿದ. ಕೊಠಡಿಯ ನಕ್ಷೆ ತೋರಿಸಿದ. ದುರುದ್ದೇಶದ ಮನುಷ್ಯನಲ್ಲ, ಮಗುವಿಗೆ ಒಳ್ಳೆಯದಾಗಲಿ ಎಂದೇ ಅವನು ನಂಬಿದ್ದ, ಮುಖ ನೋಡಿದರೆ ತಿಳಿಯುತ್ತಿತ್ತು. ಸಿಡ್ನಿಯಿಂದ ಬಂದಿದ್ದ ಶರ್ಮಿಳಾ ತರಗತಿಯ ತಾರೀಖು ಕೇಳಿದಳು. ತಾರೀಖಿಗೆ ಕಟ್ಟುಬೀಳುವುದು ಮಗುವಿನ ಮೇಲೇ ಒತ್ತಡ ತರುತ್ತದೆ ಎಂದ. ಶರ್ಮಿಳಾ ಮತ್ತೆ ಕೇಳಿದಳು, ಅವನು ಮತ್ತೆ ನಯವಾಗಿ ಅದನ್ನೇ ಹೇಳಿದ. ಆಗ ಭಾಗೀರಥಮ್ಮ ತಾವೊಂದು ಮಾತು ಹೇಳಬೇಕೆಂದರು. ಕನ್ನಡದಲ್ಲಿ ಹೇಳುತ್ತೇನೆ, ಪಲ್ಲವಿ ಇಂಗ್ಲಿಷಿನಲ್ಲಿ ಹೇಳಲಿ ಎಂದರು.

"ನಾನು ನಮ್ಮೂರಲ್ಲಿ ಇದೇ ಕೆಲಸ ಮಾಡ್ತಿದ್ದೆ. ಕೋರ್ಟು ಹನ್ನೊಂದು ಮಕ್ಕಳನ್ನ ಒಳಗೆ ಸೇರಿಸಿ ಅಂತು. ಅವರನ್ನ ಹೊರಗಿಡೋ ಕಾಗದ ನಾನು ಬರ್ದೆ."

ಈ ಕಥೆ ಪಲ್ಲವಿಯೂ ಕೇಳುತ್ತಿದ್ದದ್ದು ಇದೇ ಮೊದಲು. ಎದುರಿಗೆ ಪರದೇಶದ ಅಧಿಕಾರಿಗಳು, ಪಕ್ಕದಲ್ಲಿ ಹೆತ್ತ ತಾಯಿ. ತಾಯಿಯ ಮಾನ ಮುಚ್ಚುವುದು ಮಗಳಿಗೆ ಯೋಚಿಸದೆಯೇ ಬರುತ್ತದೆ. ನಮ್ಮಮ್ಮನಿಗೆ ಶಿಕ್ಷಣ ಇಲಾಖೆಯಲ್ಲಿ ಬಹಳ ವರ್ಷದ ಅನುಭವವಿದೆ, ಇಂಥ ಕೇಸುಗಳನ್ನು ನೋಡಿದ್ದಾರೆ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಡೊನಾಲ್ಡ್ ವಿನಯದಿಂದ ತಲೆಯಾಡಿಸಿದ.

"ನೋ" ಎಂದಳು ಆದ್ಯಾ.

ಎಲ್ಲರೂ ತಿರುಗಿದರು. ಅವಳ ಕತ್ತು ಒಂದು ಕಡೆ ಎಳೆಯಿತು, ತುಟಿ ಪದಕ್ಕಾಗಿ ತಡಕಿತು. ಪದ ಬಂತು. ಅಜ್ಜಿ ಹೇಳಿದ್ದು ಅದಲ್ಲ, ನಾನು ಹೇಳುತ್ತೇನೆ ಎಂದಳು ಇಂಗ್ಲಿಷಿನಲ್ಲಿ. ಪಲ್ಲವಿ ಅವಳ ಕೈ ಹಿಡಿಯಲು ಹೋದಳು. ಆದ್ಯಾ ಕುರ್ಚಿಯ ಗುಂಡಿ ಒತ್ತಿ ಅರ್ಧ ಅಡಿ ಮುಂದೆ ಬಂದು ಅಜ್ಜಿಯ ಪಕ್ಕ ನಿಲ್ಲಿಸಿದಳು.

ಭಾಗೀರಥಮ್ಮ ಮೊಮ್ಮಗಳ ಮುಖ ನೋಡಿದರು. ಇಲ್ಲಿಗೆ ನಿಲ್ಲಿಸಿಬಿಡಬಹುದಿತ್ತು. ಈ ಭೂಮಿಯ ಮೇಲೆ ತಮ್ಮನ್ನು ದೊಡ್ಡವರೆಂದು ನಂಬಿರುವ ಒಂದೇ ಒಂದು ಜೀವ ಇದು. ಇದರ ಬಾಯಿಂದಲೇ ಇದನ್ನು ಹೇಳಿಸಬೇಕೆ? ಆದರೆ ಆದ್ಯಾ ಕಾಯುತ್ತಿದ್ದಳು. ಬೇರೆಯವರು ತನಗಾಗಿ ಕಾಯಲಿ ಎಂದು ದಿನವೆಲ್ಲ ಬಯಸುವ ಹುಡುಗಿಗೆ ಕಾಯುವುದು ಚೆನ್ನಾಗಿ ಗೊತ್ತಿತ್ತು. ಅವರು ಒಂದು ವಾಕ್ಯ ಹೇಳಿದರು. ಆದ್ಯಾ ಅದನ್ನು ಇಂಗ್ಲಿಷಿಗೆ ತಂದಳು. ಇನ್ನೊಂದು ಹೇಳಿದರು. ಅದನ್ನೂ ತಂದಳು. ನಮ್ಮಜ್ಜಿ ಅವರನ್ನು ಹೊರಗಿಡುವ ಕಾಗದ ಬರೆದರು. ಅದೇ ಆವರಣ ಎಂದು ಬರೆದರು. ರೂಮಿಗೆ ಬೇರೆ ಗೇಟಿತ್ತು. ಬೇರೆ ನೀರಿನ ಮಡಕೆಯಿತ್ತು. ಒಂದು ಪದ ಬಿಡಲಿಲ್ಲ, ಒಂದು ಪದ ಮೆದು ಮಾಡಲಿಲ್ಲ. ಡೊನಾಲ್ಡ್ ಒಮ್ಮೆ ಅವಳ ವಾಕ್ಯವನ್ನು ತಾನೇ ಮುಗಿಸಲು ನೋಡಿದ, ತಪ್ಪಾಗಿ ಮುಗಿಸಿದ. ಆದ್ಯಾ ಅಲ್ಲವೆಂದು ತಲೆಯಾಡಿಸಿ ಮೊದಲಿನಿಂದ ಹೇಳಿದಳು. ಆಮೇಲೆ ಅವನು ಆ ತಪ್ಪು ಮಾಡಲಿಲ್ಲ. ಗೋಡೆ ಗಡಿಯಾರ ನಡೆಯುತ್ತಿತ್ತು. ಸರ್ಕಾರ ಕೂತು ಕೇಳುತ್ತಿತ್ತು.

"ಒಂದು ವರ್ಷ ಆದ್ಮೇಲೆ ತಪಾಸಣೆಗೆ ಹೋದೆ" ಎಂದರು ಭಾಗೀರಥಮ್ಮ. "ಹನ್ನೊಂದು ಮಕ್ಕಳೂ ಆ ರೂಮಲ್ಲೇ ಇದ್ರು. ಅವರಲ್ಲಿ ಒಬ್ಬಳೇ ಹುಡುಗಿ, ನಿನ್ನಷ್ಟೇ ಇದ್ಲು. ಸ್ಲೇಟು ಹಿಡ್ಕೊಂಡು ಬಾಗಿಲಿಗೆ ಬಂದು ಕೇಳಿದ್ಲು. 'ಅಕ್ಕಾರ, ನಾವು ಒಳಗ ಯಾವಾಗ ಹೋಗೋದ್ರಿ?' ಅಂತ."

ಆದ್ಯಾ ಹೇಳಿದಳು.

"ಹಂತಹಂತವಾಗಿ, ಅಂದೆ."

ಆ ಪದಕ್ಕೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ ಎಂದು ಆದ್ಯಾ ಹುಡುಕಬೇಕಾಗಿರಲಿಲ್ಲ. ರುತ್‌ಳ ಮುಂದಿದ್ದ ಪತ್ರದಲ್ಲೇ ಅದಿತ್ತು. ಅವಳು ನಿಧಾನವಾಗಿ, ಒಂದೊಂದು ಅಕ್ಷರವನ್ನೂ ಮೇಲಕ್ಕೆಳೆದು, ಹೇಳಿದಳು. "ಪ್ರೋ... ಗ್ರೆ... ಸಿವ್ಲಿ."

ಡೊನಾಲ್ಡ್ ನಕ್ಷೆಯ ಅಂಚನ್ನು ಮಡಿಸುತ್ತಾ ಕೂತ. ರುತ್ ತಲೆಯೆತ್ತಿ ಭಾಗೀರಥಮ್ಮನನ್ನು ನೋಡಿದಳು. ಭಾಷೆ ಬೇರೆ, ಬಣ್ಣ ಬೇರೆ, ಕಸುಬು ಒಂದೇ; ಆ ನೋಟದಲ್ಲಿ ಒಬ್ಬರಿಗೊಬ್ಬರು ಸುಳ್ಳು ಹೇಳುವ ಹಾಗಿರಲಿಲ್ಲ. ಅವಳು ಮೂರನೆಯ ಅನುಬಂಧ ತೆರೆದು, ಸಾಲಿನ ಕೆಳಗೆ ಸ್ಕೇಲಿಟ್ಟು, ಮಾತಿನ ವೇಗದ ವಾಕ್ಯವನ್ನು ನೆಟ್ಟಗೆ ಹೊಡೆದು ಹಾಕಿದಳು. ಅದರ ಮೇಲೆ ಪೆನ್ಸಿಲಿನಲ್ಲಿ ಏನೋ ಬರೆದು ಡೊನಾಲ್ಡ್ ಕಡೆ ಸರಿಸಿದಳು. ಅವನು ಓದಿ, ಎದ್ದು, ಫೋನು ಹಿಡಿದು ಹೊರಗೆ ಹೋದ. ಕಿಟಕಿಯ ಆಚೆ ಅವನು ಅತ್ತಿಂದಿತ್ತ ನಡೆಯುವುದು ಕಾಣುತ್ತಿತ್ತು. ಕಾಲು ಗಂಟೆಯ ಮೇಲೆ ಬಂದು ಪೆನ್ನಿನಲ್ಲಿ ಸಹಿ ಹಾಕಿದ. ಪೆನ್ಸಿಲಿನಲ್ಲಿದ್ದದ್ದು ಜನವರಿ ಇಪ್ಪತ್ತೊಂಬತ್ತು, ಹೊಸ ವರ್ಷದ ತರಗತಿ ಶುರುವಾಗುವ ದಿನ.

ಭಾಗೀರಥಮ್ಮ ಕೈ ಮುಗಿದರು. ಸರ್ಕಾರಕ್ಕೋ, ರುತ್‌ಗೋ, ಪಕ್ಕದ ಕುರ್ಚಿಯಲ್ಲಿದ್ದ ಪುಟ್ಟ ಜೀವಕ್ಕೋ, ಅವರಿಗೇ ತಿಳಿಯಲಿಲ್ಲ. ಒಂದು ಮಗು ತನ್ನ ಕೇಸನ್ನು ಗೆಲ್ಲಲು ತನ್ನಜ್ಜಿಯ ತಪ್ಪನ್ನು ಹೆಗಲ ಮೇಲೆ ಹೊತ್ತು ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟಿಸಿತ್ತು. ಎಪ್ಪತ್ತೊಂದು ವರ್ಷದಲ್ಲಿ ಅಂಥದ್ದನ್ನು ಅವರು ಕಂಡಿರಲಿಲ್ಲ, ಕೇಳಿರಲಿಲ್ಲ.

ಹೊರಗೆ ಕಾರಿನ ಬಳಿ ಪಲ್ಲವಿ ಕಣ್ಣೊರೆಸಿಕೊಳ್ಳುತ್ತಾ ಶರ್ಮಿಳಾಳ ಜೊತೆ ನಿಂತಿದ್ದಳು. ಅಜ್ಜಿ ಮೊಮ್ಮಗಳು ನೆರಳಿನಲ್ಲಿದ್ದರು.

ಆ ಹುಡುಗಿಯ ಹೆಸರೇನು ಎಂದು ಆದ್ಯಾ ಇಂಗ್ಲಿಷಿನಲ್ಲಿ ಕೇಳಿದಳು.

ಭಾಗೀರಥಮ್ಮ ಬಾಯಿ ತೆರೆದರು. ಫೈಲಿನ ನಂಬರು ನಾಲಿಗೆಯ ತುದಿಗೆ ಬಂತು, ಇಸವಿಯ ಸಮೇತ. ಹೆಸರು ಬರಲಿಲ್ಲ. ಬರುವುದು ಹೇಗೆ? ಅವರು ಬರೆದದ್ದು ಸದರಿ ಮಕ್ಕಳು ಎಂದು. "ಗೊತ್ತಿಲ್ಲ ಪುಟ್ಟಾ" ಎಂದರು. ಹಾಗೆನ್ನುವಾಗ ಅವರಿಗೆ ನಿಜವಾಗಿ ಅಳು ಬಂತು. "ಹುಡುಕ್ತೀನಿ."

"ಬೈ ವೆನ್?" ಎಂದಳು ಆದ್ಯಾ.

ಭಾಗೀರಥಮ್ಮ ಕಣ್ಣೀರಿನ ನಡುವೆಯೂ ನಕ್ಕರು. ಕಲಿಸಿದ ವಿದ್ಯೆ ತಿರುಗಿ ಬಂದು ಹೆಗಲು ತಟ್ಟಿತ್ತು. "ಜನವರಿ ಇಪ್ಪತ್ತೊಂಬತ್ತರೊಳಗೆ" ಎಂದರು.

ತಿದ್ದಿದ ಪತ್ರ ಮುಂದಿನ ವಾರವೇ ಬಂತು. ಹದಿನಾಲ್ಕು ಪುಟ ಹೋಗಿ ಹನ್ನೊಂದಾಗಿತ್ತು. ಭಾಗೀರಥಮ್ಮ ಕೊನೆಯಿಂದ ಮೊದಲಿನವರೆಗೆ ಎರಡು ಸಲ ಓದಿ, ಸೈನ್ ಮಾಡಮ್ಮ ಎಂದು ಪಲ್ಲವಿಗೆ ಹೇಳಿದರು. ಆ ಹೊಸ ಕೊಠಡಿ ಈಗ ಎಲ್ಲ ಮಕ್ಕಳ ಸಂಗೀತದ ಕ್ಲಾಸಿಗೆ ಎಂದಾಗಿತ್ತು.

ಹೆಸರು ಮಾತ್ರ ಅಷ್ಟು ಸುಲಭಕ್ಕೆ ಸಿಗಲಿಲ್ಲ. ಹಳೆಯ ಕಚೇರಿಯಲ್ಲಿ ಜವಾನನಾಗಿದ್ದ ಗೋಪಾಲನ ನಂಬರು ಹುಡುಕಲು ಎರಡು ವಾರ ಹಿಡಿಯಿತು. ಅವನಿಗೂ ಈಗ ಅರವತ್ತೆಂಟು. "ಅಮ್ಮಾರೇ, ಆ ಫೈಲು ಗೆದ್ಲು ತಿಂದು ಯಾವ ಕಾಲ ಆಯ್ತೋ" ಎಂದ. ಹಾಗಾದರೆ ಶಾಲೆಗೆ ಹೋಗು, ದಾಖಲಾತಿ ಪುಸ್ತಕ ನೋಡು ಎಂದರು. ಕ್ರಿಸ್‌ಮಸ್ ರಜೆ ಎಂದ, ಹೆಡ್‌ಮಾಸ್ತರರು ಟ್ರೇನಿಂಗಿಗೆ ಹೋಗಿದ್ದಾರೆ ಎಂದ, ಬೀರುವಿನ ಬೀಗದ ಕೈ ಸಿಗುತ್ತಿಲ್ಲ ಎಂದ. ಭಾಗೀರಥಮ್ಮ ಪ್ರತಿ ಸಲವೂ ಒಂದೇ ಮಾತು ಕೇಳಿದರು. "ಯಾವತ್ತು ಆಗತ್ತೆ, ತಾರೀಖು ಹೇಳು ಗೋಪಾಲ." ಜನವರಿ ಇಪ್ಪತ್ತೆಂಟರ ಸಂಜೆ ಅಡಿಗೆಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದಾಗ ಫೋನಿಗೆ ಒಂದು ಫೋಟೋ ಬಂತು. ಹಳದಿ ಬಣ್ಣಕ್ಕೆ ತಿರುಗಿದ ಒಂದು ಪುಟ, ಹನ್ನೊಂದು ಹೆಸರು. ಪ್ರತಿ ಹೆಸರಿನ ಎದುರಿಗೂ ಶಾಲೆ ಬಿಟ್ಟ ದಿನಾಂಕ. ಹನ್ನೊಂದಕ್ಕೂ ಒಂದೇ ದಿನ. ಭಾಗೀರಥಮ್ಮ ಒಲೆ ಆರಿಸಿ ಆ ಹನ್ನೊಂದು ಹೆಸರನ್ನೂ ಗಟ್ಟಿಯಾಗಿ ಓದಿದರು.

ಮಾರನೆಯ ದಿನ ಬೆಳಿಗ್ಗೆಯೇ ಬಿಸಿಲು ಏರಿತ್ತು. ವ್ಯಾನು ಬರಲಿಲ್ಲ. ಆದ್ಯಾ ಹೊಸ ಯೂನಿಫಾರ್ಮಿನಲ್ಲಿ, ಬೆನ್ನ ಹಿಂದೆ ಕುರ್ಚಿಗೆ ಬ್ಯಾಗು ನೇತು ಹಾಕಿಕೊಂಡು, ಬೀದಿಯ ಮಕ್ಕಳ ಜೊತೆ ಫುಟ್‌ಪಾತಿನ ಮೇಲೆ ಹೋದಳು. ಪಲ್ಲವಿ, ತ್ರಿವಿಕ್ರಮ ಹಿಂದೆ. ಅವರ ಹಿಂದೆ ಇಳಕಲ್ ಸೀರೆಯಲ್ಲಿ ಭಾಗೀರಥಮ್ಮ. ರ‍್ಯಾಂಪಿನ ಸಿಮೆಂಟು ಇನ್ನೂ ಬೆಳ್ಳಗೆ ಹೊಳೆಯುತ್ತಿತ್ತು. ತರಗತಿಯ ಬಾಗಿಲಲ್ಲಿ ಟೀಚರು ನಿಂತಿದ್ದರು, ಅವರ ಹಿಂದಿನಿಂದ ಮಕ್ಕಳು ಇಣುಕುತ್ತಿದ್ದರು. ಹೊಸ್ತಿಲ ಹತ್ತಿರ ಆದ್ಯಾ ಕುರ್ಚಿ ನಿಲ್ಲಿಸಿ ಅಜ್ಜಿಯ ಕಡೆ ತಿರುಗಿದಳು. ಏನು ಕೇಳುತ್ತಿದ್ದಾಳೆ ಎಂದು ಬೇರೆ ಯಾರಿಗೂ ತಿಳಿಯಲಿಲ್ಲ.

"ಹುಲಿಗೆಮ್ಮ" ಎಂದರು ಭಾಗೀರಥಮ್ಮ.

ಅವಳು ಒಳಗೆ ಹೋದಳಾ ಎಂದು ಕೇಳಿದಳು ಆದ್ಯಾ.

"ಇಲ್ಲ ಪುಟ್ಟಾ. ಹೋಗ್ಲಿಲ್ಲ."

ಆದ್ಯಾ ಯೋಚಿಸಿದಳು. ಬೆಲ್ ಹೊಡೆಯಿತು. ಟೀಚರು ಕೈ ಚಾಚಿ ಮಕ್ಕಳನ್ನು ತಡೆದು ಕಾದರು. ಆದ್ಯಾಳ ಕತ್ತು ಎಳೆಯಿತು, ತುಟಿ ತಡಕಿತು, ಬಹಳ ಹೊತ್ತು ಹಿಡಿಯಿತು. ಕೊನೆಗೆ ಬಂದ ಮಾತು ಇಂಗ್ಲಿಷಿನಲ್ಲಿರಲಿಲ್ಲ.

"ಬಾ, ಹುಲಿಗೆಮ್ಮ" ಎಂದಳು. ಪಕ್ಕದಲ್ಲಿ ಒಬ್ಬರು ನಡೆಯುವಷ್ಟು ಜಾಗ ಬಿಟ್ಟು, ಬಾಗಿಲ ಒಂದು ಅಂಚಿಗೆ ಸರಿದು, ಕುರ್ಚಿಯನ್ನು ಒಳಗೆ ನಡೆಸಿದಳು.